ಸೂಜಿಯ ಕಾವಲು

ಭೂಮಿಯ ಕಾಂತಶಕ್ತಿಯನ್ನು ಅಳೆಯುವ ಉಪಕರಣಕ್ಕೆ ಗಣಕಯಂತ್ರವನ್ನು ಜೋಡಿಸಿ, ಅದು ಯಾವಾಗ ಅಳೆಯಬೇಕು, ಎಷ್ಟು ಸಲ ಅಳೆಯಬೇಕು, ಅಳೆದುದನ್ನು ಎಲ್ಲಿ ಬರೆದಿಡಬೇಕು ಎಂಬುದನ್ನೆಲ್ಲ ಆ ಗಣಕಕ್ಕೇ ವಹಿಸಿಕೊಡುವುದು ಇಂದು ಯಾರನ್ನೂ ಬೆರಗುಗೊಳಿಸುವ ಸಂಗತಿಯಲ್ಲ. ಗಣಕಕ್ಕೆ ನಾವು ಕೊಡುವ ಆಜ್ಞೆಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ಸಾಫ್ಟ್‌ವೇರ್ ಎಂದರೆ ಎಲ್ಲರಿಗೂ ಬೇಗ ತಿಳಿದೀತು. ಇಂಥ ಕ್ರಮವಿಧಿಯನ್ನು ಸಾಲುಸಾಲಾಗಿ ಓದಿದವನಿಗೆ ಅದು ಒಣ ಲೆಕ್ಕದ ಪಟ್ಟಿಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಆ ಪಟ್ಟಿಯ ಬಹುಪಾಲು ಸಾಲುಗಳು ಗಣಕ ಹುಟ್ಟುವುದಕ್ಕೆ ನೂರು ವರ್ಷ ಮುಂಚೆಯೇ ಬರೆಯಲ್ಪಟ್ಟಿದ್ದವು. ಅವನ್ನು ಬರೆದವರು, ದೀಪದ ಬೆಳಕಿನಲ್ಲಿ ಸೂಜಿಯ ಮೇಲೆ ಕಣ್ಣಿಟ್ಟು ನಿದ್ದೆಗೆಟ್ಟ ಮನುಷ್ಯರು. ಆ ಕಾವಲಿನ ಚರಿತ್ರೆಯನ್ನು ಇಂದು ತಮ್ಮ ಮುಂದಿಡಬೇಕೆಂದು ನನ್ನ ಆಸೆ.

ಮೊದಲು ಅಳೆಯಬೇಕಾದ ವಸ್ತುವಿನ ಮಾತು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂಬುದು ಶಾಲೆಯ ಪಾಠ. ಅದರ ಪ್ರಭಾವ ಹಬ್ಬಿರುವ ಪ್ರದೇಶಕ್ಕೆ ಕಾಂತಕ್ಷೇತ್ರವೆನ್ನುತ್ತೇವೆ. ಅದರ ಬಲವನ್ನು ನ್ಯಾನೊಟೆಸ್ಲಾ ಎಂಬ ಮಾನದಲ್ಲಿ ಹೇಳುವುದು ವಾಡಿಕೆ. ಹಿಂದಿನವರು ಇದನ್ನೇ ಗ್ಯಾಮಾ ಎನ್ನುತ್ತಿದ್ದರು. ಬೆಂಗಳೂರಿನ ಸುತ್ತಮುತ್ತ ಈ ಬಲ ಸುಮಾರು 41,000 ನ್ಯಾನೊಟೆಸ್ಲಾ. ನೆಲದೊಳಗೆ ಹೂತುಹೋದ ಹಳೆಯ ಕುಂಬಾರನ ಆವಿಗೆಯೊಂದು ಅದರ ಮೇಲೆ ನಿಂತವನ ಉಪಕರಣದಲ್ಲಿ ಉಂಟುಮಾಡುವ ವ್ಯತ್ಯಾಸ ಕೆಲವು ಹತ್ತು, ಹೆಚ್ಚೆಂದರೆ ಕೆಲವು ನೂರು. ಹೀಗೆ ದೊಡ್ಡದೊಂದು ಮೊತ್ತದಲ್ಲಿ ಅತಿ ಚಿಕ್ಕ ಹೆಚ್ಚುಕಡಿಮೆಯನ್ನು ಹುಡುಕುವುದು ಈ ವಿದ್ಯೆಯ ತಿರುಳು. ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಆ ದೊಡ್ಡ ಮೊತ್ತವೂ ಸುಮ್ಮನೆ ನಿಂತಿರುವುದಿಲ್ಲ. ಸೂರ್ಯ ಮೂಡಿದಂತೆ ಏರಿ, ಇಳಿಹೊತ್ತಿಗೆ ಇಳಿದು, ಒಂದೇ ಹಗಲಿನಲ್ಲಿ ಹಲವು ಹತ್ತು ನ್ಯಾನೊಟೆಸ್ಲಾಗಳಷ್ಟು ಬದಲಾಗುತ್ತದೆ. ಸೂರ್ಯನಲ್ಲಿ ಕೋಲಾಹಲವೆದ್ದ ದಿನಗಳಲ್ಲಂತೂ ಅದರ ಕುಣಿತಕ್ಕೆ ತಾಳವೇ ಇರದು. ಆದ್ದರಿಂದ ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಯಾವ ಗಳಿಗೆಯಲ್ಲಿ ಎಂಬ ಪ್ರಶ್ನೆಯನ್ನೂ ಕೇಳದೆ ಇಲ್ಲಿ ಗತಿಯಿಲ್ಲ.

ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟಿದವನು ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸ್. 1833ರಲ್ಲಿ ಗಟಿಂಗೆನ್ ನಗರದಲ್ಲಿ ಆತನೂ ಆತನ ಕಿರಿಯ ಮಿತ್ರ ವಿಲ್ಹೆಲ್ಮ್ ವೇಬರನೂ ಒಂದು ಕಾಂತವೀಕ್ಷಣಾಲಯವನ್ನು ಕಟ್ಟಿಸಿದರು. ಆ ಕಟ್ಟಡದಲ್ಲಿ ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗುವಂತಿರಲಿಲ್ಲ. ಎಳೆಯಿಂದ ತೂಗಿಬಿಟ್ಟ ಅಯಸ್ಕಾಂತಕ್ಕೆ ಪುಟ್ಟದೊಂದು ಕನ್ನಡಿಯನ್ನು ಅಂಟಿಸಿ, ಆ ಕನ್ನಡಿಯಲ್ಲಿ ಕಾಣುವ ಅಳತೆಪಟ್ಟಿಯ ಪ್ರತಿಬಿಂಬವನ್ನು ದೂರದಲ್ಲಿ ಕುಳಿತು ದುರ್ಬೀನಿನಿಂದ ಓದುವುದು ಗೌಸನ ಏರ್ಪಾಡು. ಅಷ್ಟು ದೂರದಿಂದ ಓದುವುದರಲ್ಲಿ ಎರಡು ಲಾಭಗಳು. ಸೂಜಿಯ ಅತಿ ಸಣ್ಣ ತಿರುವೂ ಪಟ್ಟಿಯ ಮೇಲೆ ದೊಡ್ಡದಾಗಿ ಕಾಣುತ್ತದೆ. ನೋಡುವವನ ಮೈಮೇಲಿನ ಲೋಹವೂ ಉಸಿರಿನ ಗಾಳಿಯೂ ಸೂಜಿಯನ್ನು ಅಲುಗಿಸುವುದಿಲ್ಲ.

ಆದರೆ ಗೌಸನ ಹೆಚ್ಚಿನ ಹಿರಿಮೆ ಆತ ಮಾಡಿದ ಕಟ್ಟಳೆಯಲ್ಲಿದೆ. ಯೂರೋಪಿನ ಹಲವು ಊರುಗಳ ವೀಕ್ಷಕರನ್ನು ಒಂದು ಸಂಘವಾಗಿ ಕೂಡಿಸಿ, ವರ್ಷದಲ್ಲಿ ಕೆಲವು ದಿನಗಳನ್ನು ಗೊತ್ತುಮಾಡಿ, ಆ ದಿನಗಳಲ್ಲಿ 24 ಗಂಟೆಯೂ 5 ನಿಮಿಷಕ್ಕೊಮ್ಮೆ ಎಲ್ಲರೂ ಏಕಕಾಲಕ್ಕೆ ಸೂಜಿಯನ್ನು ಓದಬೇಕೆಂದು ವಿಧಿಸಿದ. ಏಕಕಾಲವೆಂದರೆ ಯಾವ ಊರಿನ ಕಾಲ? ಎಲ್ಲರ ಗಡಿಯಾರಗಳೂ ಗಟಿಂಗೆನ್ನಿನ ಕಾಲಕ್ಕೆ ಹೊಂದಿಕೊಳ್ಳಬೇಕು. ತೂಗಿಬಿಟ್ಟ ಅಯಸ್ಕಾಂತ ಓಲಾಡುತ್ತಲೇ ಇರುತ್ತದೆಯಲ್ಲ, ಒಂದು ಓದು ಸಾಕೆ? ಸಾಲದು, ಗೊತ್ತಾದ ಗಳಿಗೆಯ ಹಿಂದೆ ಮುಂದೆ ಹಲವು ಸಲ ಓದಿ ಸರಾಸರಿ ತೆಗೆಯಬೇಕು. ಕಟ್ಟಳೆಗಳು ಇಷ್ಟೇ. ಇಂದಿನ ಗಣಕದ ಕ್ರಮವಿಧಿಯನ್ನು ಬಿಚ್ಚಿನೋಡಿದರೆ ಮೊದಲ ಪುಟದಲ್ಲೇ ಈ ಮೂರು ಆಜ್ಞೆಗಳು ಕಾಣುತ್ತವೆ: ಗಡಿಯಾರಗಳನ್ನು ಹೊಂದಿಸು, ಗೊತ್ತಾದ ಅಂತರದಲ್ಲಿ ಓದು, ಹಲವು ಓದುಗಳ ಸರಾಸರಿ ತೆಗೆ. ಗೌಸನ ಕಾಲದಲ್ಲಿ ಇವುಗಳನ್ನು ನಡೆಸಬೇಕಾದ ಯಂತ್ರವೆಂದರೆ ಮನುಷ್ಯನೇ.

ಈ ಪದ್ಧತಿ ಬಲುಬೇಗ ನಮ್ಮ ದೇಶಕ್ಕೂ ಬಂದಿತು. 1840ರ ಸುಮಾರಿಗೆ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಕಾಂತವೀಕ್ಷಣಾಲಯಗಳನ್ನು ತೆರೆಯುವ ಉತ್ಸಾಹವೆದ್ದಾಗ ಈಸ್ಟ್ ಇಂಡಿಯಾ ಕಂಪನಿ ಮದರಾಸು, ಸಿಮ್ಲಾ, ಸಿಂಗಪುರ ಮತ್ತು ಮುಂಬಯಿಗಳಲ್ಲಿ ಆ ಭಾರವನ್ನು ಹೊತ್ತಿತು. ಮುಂಬಯಿಯ ಕೊಲಾಬಾದಲ್ಲಿ ಈ ಕೆಲಸ ಮೊದಲಾದದ್ದು 1841ರಲ್ಲಿ. ತಿರುವಾಂಕೂರಿನಲ್ಲಿ ಸಂಗೀತಪ್ರೇಮಿ ದೊರೆ ಸ್ವಾತಿ ತಿರುನಾಳರ ಆಶ್ರಯದಲ್ಲಿ 1837ರಲ್ಲಿಯೇ ಒಂದು ವೀಕ್ಷಣಾಲಯ ಎದ್ದಿತ್ತು. ಅದರ ಮುಖ್ಯಸ್ಥನಾಗಿ 1852ರಲ್ಲಿ ಬಂದ ಜಾನ್ ಆಲನ್ ಬ್ರೌನ್ ಸುಮ್ಮನೆ ಕೂರುವ ಜಾಯಮಾನದವನಲ್ಲ. 1855ರಲ್ಲಿ ಆತ ಸಹ್ಯಾದ್ರಿಯ ತೆಂಕಣ ಕೊನೆಯಲ್ಲಿ, 6,000 ಅಡಿಗೂ ಮೀರಿದ ಅಗಸ್ತ್ಯಮಲೆಯ ನೆತ್ತಿಯ ಮೇಲೆ ಇನ್ನೊಂದು ವೀಕ್ಷಣಾಲಯವನ್ನು ಕಟ್ಟಿಸಿದ. ಕಾಡು, ಮಳೆ, ಚಳಿ, ಜ್ವರ ಎಲ್ಲವನ್ನೂ ದಾಟಿ ಆ ನೆತ್ತಿಗೆ ಕಲ್ಲು ಮರ ಸಾಗಿಸಬೇಕಿತ್ತು. ಇಷ್ಟು ಪಾಡು ಏಕೆಂದರೆ, ಕೆಳಗೆ ತಿರುವನಂತಪುರದಲ್ಲಿ ಒಂದು ಸೂಜಿ, ಮೇಲೆ ಬೆಟ್ಟದಲ್ಲಿ ಒಂದು ಸೂಜಿ. ಎರಡನ್ನೂ ಒಂದೇ ಕಾಲಕ್ಕೆ ಓದಿ ಹೋಲಿಸಿದರೆ ಎತ್ತರದಿಂದ ಆಗುವ ವ್ಯತ್ಯಾಸವೆಷ್ಟೆಂಬುದು ತಿಳಿಯುತ್ತದೆ. ಆಕಾಶದಿಂದ ಬರುವ ಕಲಕು ಎರಡಕ್ಕೂ ಸಮಾನ. ಕಳೆದರೆ ಉಳಿಯುವುದು ಸ್ಥಳದ ಗುಣ. ಈ ಕಳೆಯುವ ಲೆಕ್ಕವನ್ನು ತಾವು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಇದು ಮತ್ತೆ ಬರಲಿದೆ.

ಹಗಲಿರುಳು ಮನುಷ್ಯನನ್ನು ಕೂರಿಸುವುದು ಕಷ್ಟವೂ ಹೌದು, ಖರ್ಚೂ ಹೌದು. ಆದ್ದರಿಂದ 1840ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರೂಕ್ ಎಂಬ ವೈದ್ಯ ಹೊಸದಾಗಿ ಹುಟ್ಟಿದ್ದ ಛಾಯಾಚಿತ್ರ ವಿದ್ಯೆಯನ್ನು ಈ ಕೆಲಸಕ್ಕೆ ಹಚ್ಚಿದ. ಸೂಜಿಯ ಕನ್ನಡಿಯಿಂದ ಹೊಮ್ಮಿದ ಬೆಳಕಿನ ಚುಕ್ಕೆ ನಿಧಾನವಾಗಿ ಸುತ್ತುವ ಉರುಳೆಯ ಮೇಲಿನ ಕಾಗದದಲ್ಲಿ ತಾನೇ ಗೆರೆಯೆಳೆಯುತ್ತದೆ. ಗ್ರೀನಿಚ್ಚಿನ ಖಗೋಳ ವೀಕ್ಷಣಾಲಯ ಇದನ್ನು ಸ್ವಾಗತಿಸಿತು. ಇನ್ನು ರಾತ್ರಿಯೆಲ್ಲ ಎದ್ದಿರಬೇಕಾಗಿಲ್ಲ. ಬೆಳಗ್ಗೆ ಕಾಗದವನ್ನು ತೊಳೆದು ನೋಡಿದರೆ ಇರುಳಿನ ಕಥೆಯೆಲ್ಲ ಅದರಲ್ಲಿ ಬರೆದಿರುತ್ತದೆ. ಮನುಷ್ಯನ ಕೈಯಿಂದ ಕಾವಲು ಯಂತ್ರದ ಕೈಗೆ ಹೋದದ್ದು ಇದೇ ಮೊದಲು. ಕೊಲಾಬಾಕ್ಕೆ ಈ ಅನುಕೂಲ 1870ರ ದಶಕದ ಆರಂಭದವರೆಗೂ ಬರಲಿಲ್ಲ. ಬರಲಿಲ್ಲವೆಂಬುದು ಲೋಕಕ್ಕೆ ಒಳ್ಳೆಯದೇ ಆಯಿತು.

1859ರ ಸೆಪ್ಟೆಂಬರ್ 1ರ ಬೆಳಗ್ಗೆ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬಾತ ಸೂರ್ಯನ ಕಲೆಗಳನ್ನು ಬರೆದುಕೊಳ್ಳುತ್ತಿದ್ದಾಗ ಅವುಗಳ ನಡುವೆ ಕಣ್ಣುಕೋರೈಸುವ ಬೆಳಕೊಂದು ಹೊಳೆದು ಕೆಲವೇ ನಿಮಿಷಗಳಲ್ಲಿ ಅಡಗಿತು. ಅದೇ ಹೊಳಪನ್ನು ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬರೂ ಬೇರೆ ಕಡೆಯಿಂದ ಕಂಡರು. ಸುಮಾರು ಹದಿನೇಳೂವರೆ ಗಂಟೆಗಳ ತರುವಾಯ ಭೂಮಿಯ ಕಾಂತಕ್ಷೇತ್ರದ ಮೇಲೆ ಬಿರುಗಾಳಿ ಬಡಿಯಿತು. ಧ್ರುವಪ್ರದೇಶಗಳಲ್ಲಿ ಮಾತ್ರ ಕಾಣುವ ಬಣ್ಣದ ಬೆಳಕು ಕ್ಯೂಬಾದಂಥ ಬಿಸಿನಾಡಿನಲ್ಲೂ ಕಂಡಿತು. ಅಮೆರಿಕದಲ್ಲಿ ತಂತಿಯ ನೌಕರರು ಬ್ಯಾಟರಿಯನ್ನು ಬಿಚ್ಚಿಟ್ಟು ಬರೀ ಆಕಾಶದ ವಿದ್ಯುತ್ತಿನಿಂದಲೇ ಸುದ್ದಿ ಕಳಿಸಿದರು. ಯೂರೋಪಿನ ಹಲವು ವೀಕ್ಷಣಾಲಯಗಳಲ್ಲಿ ಬೆಳಕಿನ ಚುಕ್ಕೆ ಕಾಗದದ ಅಂಚನ್ನು ದಾಟಿ ಹೊರಕ್ಕೆ ಹಾರಿತು. ಕಾಗದ ಸುತ್ತುತ್ತಲೇ ಇತ್ತು. ಅದರ ಮೇಲೆ ಬೀಳಬೇಕಾದ ಬೆಳಕು ಇರಲಿಲ್ಲ. ಬಿರುಗಾಳಿ ಎಷ್ಟು ದೊಡ್ಡದೆಂದು ಹೇಳಬೇಕಾದ ಯಂತ್ರ, ಅದು ದೊಡ್ಡದಾದ ಕಾರಣಕ್ಕೇ ಮೂಕವಾಯಿತು.

ಇತ್ತ ಕೊಲಾಬಾದಲ್ಲಿ ದುರ್ಬೀನಿನ ಮುಂದೆ ಮನುಷ್ಯರಿದ್ದರು. ಶಾಂತವಾದ ದಿನಗಳಲ್ಲಿ ಗಂಟೆಗೊಮ್ಮೆ ಓದುವುದು ಅಲ್ಲಿಯ ರೂಢಿ. ಸೂಜಿ ಕಲಕಿದಂತೆ ಕಂಡರೆ 15 ನಿಮಿಷಕ್ಕೊಮ್ಮೆ, ತೀರ ಕಲಕಿದರೆ 5 ನಿಮಿಷಕ್ಕೊಮ್ಮೆ ಓದಬೇಕೆಂಬುದು ಅಲ್ಲಿಯ ಶಿಸ್ತು. ಸೆಪ್ಟೆಂಬರ್ 2ರ ಪೂರ್ವಾಹ್ನ ಅವರು ಹಾಗೆಯೇ ಓದಿದರು. ಎಂದೂ ಕಾಣದ ಅಂಕಿಗಳು ಬಂದುವು, ಅವನ್ನೂ ಬರೆದರು. ನೆಲಕ್ಕೆ ಸಮತಲವಾದ ಕಾಂತಬಲ ಸುಮಾರು 1,600 ನ್ಯಾನೊಟೆಸ್ಲಾಗಳಷ್ಟು ಕುಸಿದಿತ್ತು, ಎಂದರೆ ಇದ್ದುದರಲ್ಲಿ ನೂರಕ್ಕೆ ನಾಲ್ಕು ಪಾಲು. ಅಂಥ ಇಳಿತವನ್ನು ಅದಕ್ಕೆ ಮುಂಚೆ ಅವರಾರೂ ಕಂಡಿದ್ದಿಲ್ಲ. ಬರೆಯುವ ಕೈ ತುಸು ಅಂಜಿ, ಇದು ನನ್ನ ಕಣ್ಣಿನ ಭ್ರಮೆಯಿರಬೇಕೆಂದು ಆ ಸಾಲನ್ನು ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆ ಕೈ ಅಂಜಲಿಲ್ಲ.

ಆ ಅಂಕಿಗಳು ಪುಸ್ತಕದಲ್ಲಿ ಒಂದೂವರೆ ಶತಮಾನದ ಹತ್ತಿರ ಮಲಗಿದ್ದವು. 2003ರಲ್ಲಿ ಬ್ರೂಸ್ ಸುರುತಾನಿ ಮತ್ತು ಅವರ ಸಂಗಡಿಗರು, ಅವರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಇದ್ದರು, ಅವನ್ನು ಹೊರತೆಗೆದು 1859ರ ಬಿರುಗಾಳಿಯ ತೀವ್ರತೆಯನ್ನು ಲೆಕ್ಕಹಾಕಿದರು. ಅಷ್ಟು ದೊಡ್ಡ ಇಳಿತಕ್ಕೆ ಪೂರ್ಣ ಕಾರಣವೇನೆಂಬ ವಿಷಯದಲ್ಲಿ ವಿದ್ವಾಂಸರು ಇನ್ನೂ ವಾದಿಸುತ್ತಾರೆ. ಆದರೆ ವಾದಿಸಲು ಅವರಿಗೆ ನೆಲೆಯಾಗಿರುವುದು ಕೊಲಾಬಾದ ಆ ಪುಟಗಳೇ. ಇದು ಬರೀ ಕುತೂಹಲದ ಮಾತೂ ಅಲ್ಲ. 1989ರ ಮಾರ್ಚ್ 13ರಂದು ಬಂದ ಕಾಂತದ ಬಿರುಗಾಳಿಗೆ ಕೆನಡದ ಕ್ವೆಬೆಕ್ ಪ್ರಾಂತದ ವಿದ್ಯುತ್ ಜಾಲ ಕುಸಿದು ಸುಮಾರು 60 ಲಕ್ಷ ಜನ ಕತ್ತಲಲ್ಲಿ ಕುಳಿತರು. ಜಗತ್ತಿನ ಸರಾಸರಿಯಲ್ಲಿ ಆ ಬಿರುಗಾಳಿಯ ಅಳತೆ ಸುಮಾರು 590 ನ್ಯಾನೊಟೆಸ್ಲಾ. ಹಾಗಾದರೆ 1859ರಂಥದು ಮರಳಿ ಬಂದರೆ ಗತಿಯೇನು ಎಂದು ಇಂದು ದೇಶದೇಶಗಳ ಎಂಜಿನಿಯರುಗಳು ಲೆಕ್ಕಹಾಕುವಾಗ, ಅವರ ಕೈಗೆ ಸಿಗುವ ಆಧಾರಗಳಲ್ಲಿ ಮುಂಬಯಿಯ ಹೆಸರಿಲ್ಲದ ವೀಕ್ಷಕರ ಆ ಬರಹ ಮುಖ್ಯವಾದುದು.

ಮುಂದೆ ಕೊಲಾಬಾಕ್ಕೆ ಒಂದು ಸಂಕಟ ಬಂದಿತು. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಂ ಹೋಗಿ ವಿದ್ಯುತ್ತಿನ ಟ್ರಾಂ ಬರುವುದೆಂದು ಗೊತ್ತಾಯಿತು. ಹಳಿಯಿಂದ ನೆಲದೊಳಗೆ ಸೋರುವ ವಿದ್ಯುತ್ತು ಸೂಜಿಯನ್ನು ಕುಣಿಸುತ್ತದೆ. ಬಳಿಕ ಸೂಜಿ ಹೇಳುವುದು ಭೂಮಿಯ ಸುದ್ದಿಯಲ್ಲ, ಟ್ರಾಮಿನ ವೇಳಾಪಟ್ಟಿ. ಆಗ ಅಲ್ಲಿ ನಿರ್ದೇಶಕರಾಗಿದ್ದವರು ನಾನಾಭಾಯ್ ಮೂಸ್. 1896ರಲ್ಲಿ ಆ ಹುದ್ದೆಗೆ ಬಂದ ಮೊದಲ ಭಾರತೀಯರು. ಅವರು ಸಮುದ್ರದ ಆಚೆ, ಮುಂಬಯಿಗೆ ಸುಮಾರು 30 ಕಿಲೋಮೀಟರ್ ತೆಂಕಣದಲ್ಲಿರುವ ಅಲಿಬಾಗ್ ಎಂಬ ಸಣ್ಣ ಊರನ್ನು ಆರಿಸಿದರು. ಕಬ್ಬಿಣದ ಅಂಶವಿಲ್ಲದ ಪೋರಬಂದರಿನ ಕಲ್ಲನ್ನು ತರಿಸಿ ಕಟ್ಟಡ ಕಟ್ಟಿಸಿದರು. 1904ರಲ್ಲಿ ಅಲ್ಲಿ ಕೆಲಸ ಮೊದಲಾಯಿತು. ಆದರೆ ಅಂದೇ ಕೊಲಾಬಾಕ್ಕೆ ಬೀಗ ಹಾಕಲಿಲ್ಲ. 1906ರವರೆಗೆ, ಎರಡು ವರ್ಷ, ಎರಡೂ ಕಡೆ ಒಟ್ಟೊಟ್ಟಿಗೆ ಓದಿಸಿದರು. ಹಳೆಯ ಜಾಗದ ಅಂಕಿಗೂ ಹೊಸ ಜಾಗದ ಅಂಕಿಗೂ ಇರುವ ಅಂತರವನ್ನು ಕಂಡುಕೊಂಡರೆ ಮಾತ್ರ 1840ರ ದಶಕದಿಂದ ಬಂದ ಸರಣಿ ಕಡಿಯದೆ ಮುಂದುವರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1907ರಲ್ಲಿ ಮುಂಬಯಿಯ ಬೀದಿಯಲ್ಲಿ ವಿದ್ಯುತ್ ಟ್ರಾಂ ಓಡಿತು. ಸೂಜಿ ಅಷ್ಟರೊಳಗೆ ನೆಮ್ಮದಿಯ ಜಾಗಕ್ಕೆ ಸೇರಿತ್ತು. ಮೂಸ್ ಅವರು 1846ರಿಂದ 1905ರವರೆಗಿನ ಮುಂಬಯಿಯ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ 1910ರಲ್ಲಿ ಪ್ರಕಟಿಸಿದರು. ಸಂಸ್ಥೆಗಳ ಚರಿತ್ರೆಯಲ್ಲಿ ಕಟ್ಟಡಗಳ ಶಂಕುಸ್ಥಾಪನೆಗೆ ಸಿಗುವ ಗೌರವ ಇಂಥ ಎರಡು ವರ್ಷದ ಜೋಡಿ ಓದಿಗೆ ಸಿಗುವುದಿಲ್ಲ. ಸಿಗಬೇಕಾದದ್ದು ನ್ಯಾಯ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಒಂದೆಡೆ ನೆಲೆಯಾಗಿ ನಿಂತ ಸೂಜಿಯ ವಿಚಾರ. ಹೊಲದಿಂದ ಹೊಲಕ್ಕೆ ಹೊತ್ತು ತಿರುಗಿ ನೆಲದೊಳಗನ್ನು ಶೋಧಿಸುವುದಕ್ಕೆ ತೂಗುಸೂಜಿ ಒಗ್ಗದು. ಆ ಕೆಲಸಕ್ಕೆ ಬೇಕಾದ ಉಪಕರಣ ಸಿದ್ಧವಾದದ್ದು ಎರಡನೆಯ ಮಹಾಯುದ್ಧದ ಅನಂತರ. 1954ರಲ್ಲಿ ಅಮೆರಿಕದ ಮಾರ್ಟಿನ್ ಪ್ಯಾಕರ್ಡ್ ಮತ್ತು ರಸೆಲ್ ವೇರಿಯನ್ ಅವರು, ಸೀಸೆಯಲ್ಲಿ ತುಂಬಿದ ನೀರಿನಿಂದಲೇ ಭೂಮಿಯ ಕಾಂತಬಲವನ್ನು ಅಳೆಯಬಹುದೆಂದು ತೋರಿಸಿಕೊಟ್ಟರು. ನೀರಿನಲ್ಲಿರುವ ಜಲಜನಕದ ಪರಮಾಣುವಿನ ನಡುವೆ ಪ್ರೋಟಾನ್ ಎಂಬ ಕಣವಿದೆಯಷ್ಟೆ. ಅದು ಪುಟ್ಟ ಅಯಸ್ಕಾಂತವೂ ಹೌದು, ತಿರುಗುವ ಬುಗುರಿಯೂ ಹೌದು. ಸೀಸೆಗೆ ಸುತ್ತಿದ ತಂತಿಯಲ್ಲಿ ಒಂದೆರಡು ಸೆಕೆಂಡು ವಿದ್ಯುತ್ತನ್ನು ಹರಿಸಿದರೆ ಪ್ರೋಟಾನುಗಳು ಒಂದು ಪಕ್ಕಕ್ಕೆ ವಾಲುತ್ತವೆ. ವಿದ್ಯುತ್ತನ್ನು ಥಟ್ಟನೆ ಕಡಿದರೆ ಅವೆಲ್ಲ ಭೂಮಿಯ ಕಾಂತಕ್ಷೇತ್ರದ ಸುತ್ತ, ಸೋಲುತ್ತಿರುವ ಬುಗುರಿ ತಲೆಯಾಡಿಸುವಂತೆ, ಒಟ್ಟಾಗಿ ಓಲಾಡುತ್ತವೆ. ಅದೇ ತಂತಿ ಈಗ ಕಿವಿಯಾಗಿ ಆ ಓಲಾಟವನ್ನು ಕೇಳಿಸಿಕೊಳ್ಳುತ್ತದೆ. ಬಲ ಹೆಚ್ಚಿದ್ದಲ್ಲಿ ಓಲಾಟ ಬೇಗ, ಕಡಿಮೆಯಿದ್ದಲ್ಲಿ ನಿಧಾನ.

ಇದರ ಸೂಕ್ಷ್ಮತೆಯನ್ನು ಒಂದು ಲೆಕ್ಕದಿಂದ ಹೇಳಬಹುದು. ನಮ್ಮ ಬೆಂಗಳೂರಿನ 41,000 ನ್ಯಾನೊಟೆಸ್ಲಾದಲ್ಲಿ ಪ್ರೋಟಾನುಗಳು ಸೆಕೆಂಡಿಗೆ ಸುಮಾರು 1,746 ಸಲ ಓಲಾಡುತ್ತವೆ. ಧ್ವನಿವರ್ಧಕಕ್ಕೆ ಜೋಡಿಸಿದರೆ ಅದು ಕಿವಿಗೆ ಕೇಳುವ ಸ್ವರವೇ. ಒಂದು ಸಾವಿರ ಓಲಾಟಕ್ಕೆ ಹಿಡಿಯುವ ಕಾಲ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಕಾಂತಬಲ ಒಂದೇ ಒಂದು ನ್ಯಾನೊಟೆಸ್ಲಾ ಬದಲಾದರೆ ಆ ಕಾಲದಲ್ಲಿ ಆಗುವ ವ್ಯತ್ಯಾಸ, ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ 14 ಪಾಲು. ಸ್ವರವಾದರೋ ಒಂದೆರಡು ಸೆಕೆಂಡುಗಳಲ್ಲಿ ಕ್ಷೀಣಿಸಿ ಅಡಗಿಬಿಡುತ್ತದೆ. ಅಷ್ಟರೊಳಗೆ ಎಣಿಸಬೇಕು. ಯಾವ ವೀಕ್ಷಕನ ಕಣ್ಣಿಗೂ ಕೈಗೂ ಇದು ನಿಲುಕದು. ಎಣಿಸುವ ಕೆಲಸ ಮೊದಲ ದಿನದಿಂದಲೇ ವಿದ್ಯುನ್ಮಾನ ಯಂತ್ರದ ಪಾಲಿಗೆ ಬಂದಿತು; ಮನುಷ್ಯನಿಗೆ ಉಳಿದದ್ದು ಗುಂಡಿ ಒತ್ತುವುದು, ಅಂಕಿ ಬರೆಯುವುದು, ಮುಂದಿನ ಗೂಟಕ್ಕೆ ನಡೆಯುವುದು.

1958ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ವಾಟರ್ ನ್ಯೂಟನ್ ಎಂಬಲ್ಲಿ ಹೆದ್ದಾರಿಯನ್ನು ಅಗಲಮಾಡುವ ಕೆಲಸ ಹೂಡಿತ್ತು. ಅಲ್ಲಿ ರೋಮನರ ಕಾಲದ ಕುಂಬಾರರ ಆವಿಗೆಗಳು ಹೂತಿರಬೇಕೆಂದು ಪ್ರಾಕ್ತನತಜ್ಞರ ಊಹೆ. ಎಲ್ಲಿ ಅಗೆಯಬೇಕು? ಯಂತ್ರಗಳು ನೆಲವನ್ನು ಕೆರೆಯುವುದಕ್ಕೆ ಮುಂಚೆ ತಿಳಿಯಬೇಕು. ಆಕ್ಸ್‌ಫರ್ಡಿನ ಸಂಶೋಧನಾಲಯದ ಮಾರ್ಟಿನ್ ಏಟ್ಕನ್ ತಮ್ಮ ನೀರಿನ ಸೀಸೆಯ ಕಾಂತಮಾಪಕದೊಡನೆ ಅಲ್ಲಿಗೆ ಹೋದರು. ಸುಟ್ಟ ಜೇಡಿಮಣ್ಣಿಗೆ ಒಂದು ಗುಣವಿದೆ. ಕೆಂಪಗೆ ಕಾದು ತಣಿಯುವಾಗ ಅದರೊಳಗಿನ ಕಬ್ಬಿಣದ ಆಕ್ಸೈಡು ಅಂದಿನ ಭೂಮಿಯ ಕಾಂತದ ದಿಕ್ಕನ್ನು ತನ್ನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಕುಂಬಾರ ಸತ್ತು ಸಾವಿರದೇಳುನೂರು ವರ್ಷವಾದರೂ ಆವಿಗೆ ಮರೆಯುವುದಿಲ್ಲ. ಅಂಕಿ ಏರಿದ ಜಾಗದಲ್ಲಿ ಅಗೆದರು, ಆವಿಗೆ ಸಿಕ್ಕಿತು. ಪ್ರೋಟಾನ್ ಕಾಂತಮಾಪಕ ಪ್ರಾಕ್ತನಶೋಧಕ್ಕೆ ಕಾಲಿಟ್ಟದ್ದು ಹೀಗೆ.

ಆದರೆ ಆ ವಿಜಯದ ಬೆನ್ನಿಗೇ ಒಂದು ತೊಡಕು ಬಂದಿತು. ಒಂದು ಹೆಕ್ಟೇರು ನೆಲವನ್ನು ಮೀಟರಿಗೊಂದರಂತೆ ಅಳೆದರೆ 10,000 ಅಂಕಿಗಳು. ಅವನ್ನು ಬರೆದು, ಹಗಲಿನ ಏರಿಳಿತವನ್ನು ಕಳೆದು, ನಕ್ಷೆಯ ಮೇಲೆ ಕೂಡಿಸುವ ಹೊತ್ತಿಗೆ ರಸ್ತೆಯೇ ಮುಗಿದಿರುತ್ತಿತ್ತು. ಜರ್ಮನಿಯ ಬಾನ್ ನಗರದ ರೈನ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದ್ದ ಇರ್ವಿನ್ ಸ್ಕೋಲರ್ ಎಂಬ ಅಮೆರಿಕನ್ನರು ಇದಕ್ಕೆ ಉಪಾಯ ಹೂಡಿದರು. ಒಂದರ ಬದಲು ಎರಡು ಸೀಸೆ ಇಟ್ಟು, ಎರಡನ್ನೂ ಒಂದೇ ಗಳಿಗೆಯಲ್ಲಿ ಅಳೆದು, ಅಂತರವನ್ನು ಮಾತ್ರ ತೆಗೆದುಕೊಳ್ಳುವುದು. ಅಂಕಿಯನ್ನು ಮನುಷ್ಯ ಬರೆಯುವ ಬದಲು ಯಂತ್ರವೇ ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆಯುವುದು. ಆ ಪಟ್ಟಿಯನ್ನು ಗಣಕಕ್ಕೆ ತಿನ್ನಿಸಿ ನಕ್ಷೆ ಪಡೆಯುವುದು. ಗಣಕದಿಂದ ಇಂಥ ಅಳತೆಗಳನ್ನು ಸಂಸ್ಕರಿಸುವ ಕ್ರಮವನ್ನು ಅವರು ಕ್ರೂಕೆಬರ್ಗ್ ಎಂಬವರೊಡನೆ 1966ರಲ್ಲಿ ಪ್ರಕಟಿಸಿದರು. ಎರಡು ಸೀಸೆಗಳ ಆ ಲೆಕ್ಕವನ್ನು ಕೇಳಿದಾಗ ತಮಗೆ ಅಗಸ್ತ್ಯಮಲೆಯ ನೆನಪಾಗಿರಬಹುದು. ಬ್ರೌನ್ ಬೆಟ್ಟದ ಬುಡಕ್ಕೊಂದು ನೆತ್ತಿಗೊಂದು ಸೂಜಿಯಿಟ್ಟು ಕಂಡುಕೊಳ್ಳಹೊರಟದ್ದೂ ಇಂಥದೇ ಅಂತರವನ್ನು.

ಅದೇ ವರ್ಷಗಳಲ್ಲಿ ಗಣಕ ಕಡಲಿನ ಅಳತೆಗೂ ನೆರವಾಯಿತು. 1962ರಲ್ಲಿ ‘ಓವನ್’ ಎಂಬ ಬ್ರಿಟಿಷ್ ಹಡಗು ನಮ್ಮ ಅರಬ್ಬೀ ಸಮುದ್ರಕ್ಕೆ ತೆಂಕಣದಲ್ಲಿರುವ ಕಾರ್ಲ್ಸ್‌ಬರ್ಗ್ ಏಣಿನ ಮೇಲೆ ಕಾಂತಮಾಪಕವನ್ನು ಎಳೆದುಕೊಂಡು ಹೋಯಿತು. ಆ ಅಳತೆಗಳನ್ನು ತಂದವರು ಡ್ರಮಂಡ್ ಮ್ಯಾಥ್ಯೂಸ್. ಕೇಂಬ್ರಿಜ್ಜಿನ ಎಡ್ಸ್ಯಾಕ್–2 ಗಣಕದಲ್ಲಿ ಅವನ್ನು ಪರಿಶೀಲಿಸಿದವರು ಅವರ ಶಿಷ್ಯ ಫ್ರೆಡ್ ವೈನ್. ಸಮುದ್ರದ ತಳದ ಬಂಡೆ ಅಡಿಯಿಂದ ಉಕ್ಕಿ, ತಣಿದು, ಎರಡು ಕಡೆಗೂ ಸರಿಯುತ್ತ, ಭೂಕಾಂತ ಆಗಾಗ ತಲೆಕೆಳಗಾದ ಕಥೆಯನ್ನು ಪಟ್ಟೆಪಟ್ಟೆಯಾಗಿ ಬರೆದಿಟ್ಟಿದೆ ಎಂದು ಅವರಿಬ್ಬರೂ 1963ರಲ್ಲಿ ಸಾರಿದರು. ಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಲೋಕ ನಂಬಲು ಇದು ದೊಡ್ಡ ಕಾರಣವಾಯಿತು.

ಈಗ ಕ್ರಮವಿಧಿಗೆ ಬರೋಣ. ಕೆಲವು ವರ್ಷಗಳ ಕೆಳಗೆ, ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಹಳೆಯ ಪ್ರೋಟಾನ್ ಕಾಂತಮಾಪಕವೊಂದಕ್ಕೆ ಸಣ್ಣ ಗಣಕವನ್ನು ಜೋಡಿಸುವ ಕೆಲಸಕ್ಕೆ ನಾನೂ ಇಬ್ಬರು ವಿದ್ಯಾರ್ಥಿಗಳೂ ಕೈಹಾಕಿದೆವು. ಮೊದಲು ಎರಡೂ ಒಂದೇ ವೇಗದಲ್ಲಿ ಮಾತನಾಡುವಂತೆ ಗೊತ್ತುಮಾಡಬೇಕು. ಇಲ್ಲವಾದರೆ ಉಪಕರಣ ಹೇಳಿದ್ದು ಗಣಕಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಆಮೇಲೆ ಎರಡರ ಗಡಿಯಾರಗಳನ್ನೂ ಹೊಂದಿಸಬೇಕು. ಅನಂತರ ಆಜ್ಞೆಗಳ ಸರದಿ: ವಿದ್ಯುತ್ತನ್ನು ಹರಿಸು; ಕಡಿ; ಕಡಿದೊಡನೆ ಏಳುವ ಗದ್ದಲ ಅಡಗುವ ತನಕ ಒಂದು ಕ್ಷಣ ತಡೆ; ಎಣಿಸು; ಸ್ವರ ಎಷ್ಟು ಗಟ್ಟಿಯಾಗಿತ್ತೆಂಬುದನ್ನೂ ನೋಡು; ಅಂಕಿ, ಕಾಲ, ಸ್ಥಳ ಮೂರನ್ನೂ ಬರೆ; ಮತ್ತೆ ಮೊದಲಿನಿಂದ. ಈ ಸರದಿಯಲ್ಲಿ ಒಂದನ್ನು ಹಿಂದುಮುಂದು ಮಾಡಿದರೂ ಕೆಲಸ ಕೆಡುತ್ತದೆ. ತಡೆಯದೆ ಎಣಿಸಿದರೆ ಗದ್ದಲವನ್ನೇ ಎಣಿಸಿದಂತೆ. ಹೆಚ್ಚು ತಡೆದರೆ ಎಣಿಸಲು ಸ್ವರವೇ ಉಳಿಯದು.

ಎಲ್ಲ ಕೂಡಿಬಂದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ಗಣಕವನ್ನು ಸೀಸೆಯ ಬಳಿಗೆ ತಂದಷ್ಟೂ ಅಂಕಿಗಳು ಚೆದರುತ್ತಿದ್ದವು. ಗಣಕದೊಳಗೆ ಕಬ್ಬಿಣವಿದೆ, ಹರಿಯುವ ವಿದ್ಯುತ್ತಿದೆ. ಅದು ತಾನೇ ಒಂದು ಪುಟ್ಟ ಕಾಂತ. ಕಾಯುವುದಕ್ಕೆ ಕೂರಿಸಿದವನೇ ಕದಡುತ್ತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಉದ್ದವಾದ ತಂತಿ ಹಾಕಿ ಗಣಕವನ್ನು ದೂರ ಇರಿಸಿದ ಮೇಲೆ ಅಂಕಿಗಳು ಸುಮ್ಮನಾದವು. ಗೌಸ್ ದುರ್ಬೀನನ್ನು ದೂರಕ್ಕಿಟ್ಟದ್ದು, ಮೂಸ್ ಅವರು ಸೂಜಿಯನ್ನು ಕಡಲಾಚೆ ಒಯ್ದದ್ದು, ಎಲ್ಲ ಒಂದೇ ಪಾಠ.

ಆ ಕೆಲಸದ ನಡುವೆ ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ: “ಸಾರ್, ನಡುನಡುವೆ ಒಂದೊಂದು ಅಂಕಿ ಸಂಬಂಧವೇ ಇಲ್ಲದಂತೆ ಬರುತ್ತೆ. ಹಿಂದಿನದಕ್ಕಿಂತ 500 ಹೆಚ್ಚುಕಡಿಮೆ ಇದ್ದರೆ ಅದನ್ನ ಬಿಟ್ಟುಬಿಡು ಅಂತ ಒಂದು ಸಾಲು ಸೇರಿಸಿಬಿಡಲೇ?” ಕೇಳಿದ್ದು ನ್ಯಾಯವಾದ ಪ್ರಶ್ನೆ. ರಸ್ತೆಯಲ್ಲಿ ಲಾರಿ ಹೋದರೂ ಅಂಕಿ ಹಾರುತ್ತದೆ, ಮಳೆಗೆ ತಂತಿ ನೆನೆದರೂ ಹಾರುತ್ತದೆ. ಅಂಥ ಅಂಕಿಗಳನ್ನೆಲ್ಲ ಉಳಿಸಿಕೊಂಡರೆ ನಕ್ಷೆ ಕೆಡುತ್ತದೆ. ಬಹುಮಟ್ಟಿಗೆ ಎಲ್ಲರೂ ಇಂಥ ಜರಡಿಯೊಂದನ್ನು ಹಾಕಿಯೇ ಇರುತ್ತಾರೆ. ನಾನು ಅವನಿಗೆ ಕೊಲಾಬಾದ ಕಥೆಯನ್ನು ಹೇಳಿದೆ. 1859ರ ಆ ಬೆಳಗ್ಗೆ ದುರ್ಬೀನಿನ ಮುಂದೆ ಮನುಷ್ಯನ ಬದಲು ನಿನ್ನ ಈ ಸಾಲು ಕುಳಿತಿದ್ದರೆ, 1,600ರ ಇಳಿತವನ್ನು ಅದು ಲಾರಿಯೆಂದು ತಿಳಿದು ಒರೆಸಿಹಾಕುತ್ತಿತ್ತು. ಒರೆಸಿದ ಗುರುತೂ ಉಳಿಯುತ್ತಿರಲಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಬಿಡೋದು ಬೇಡ ಸಾರ್, ಪಕ್ಕದಲ್ಲಿ ಒಂದು ಗುರುತು ಹಾಕಿ ಇಟ್ಟುಕೊಳ್ಳೋಣ, ಅಂಥದು ಬಂದಾಗ ಇನ್ನೂ ಬೇಗಬೇಗ ಓದು ಅಂತಲೂ ಹೇಳೋಣ” ಎಂದ. ಕಲಕಿದಾಗ 5 ನಿಮಿಷಕ್ಕೊಮ್ಮೆ ಓದೆಂಬ ಕೊಲಾಬಾದ ಶಿಸ್ತು ಹೀಗೆ ನಮ್ಮ ಕ್ರಮವಿಧಿಯಲ್ಲೂ ಒಂದು ಸಾಲಾಯಿತು.

ಇಲ್ಲಿ ನನಗೆ ತೋರುವುದು ಇಷ್ಟು. ಗಣಕ ಬಂದುದರಿಂದ ಮನುಷ್ಯನ ಕಾವಲು ಮುಗಿಯಿತೆಂದು ತಿಳಿಯಬಾರದು. ಕಾವಲಿನ ಹೊತ್ತು ಬದಲಾಗಿದೆ. ಹಿಂದೆ ಸಂಶಯ, ತಾಳ್ಮೆ, ಧೈರ್ಯ ಇವೆಲ್ಲ ಅಳೆಯುವ ಗಳಿಗೆಯಲ್ಲಿ ಬೇಕಾಗುತ್ತಿದ್ದವು. ಇಂದು ಕ್ರಮವಿಧಿಯನ್ನು ಬರೆಯುವ ಗಳಿಗೆಯಲ್ಲಿ ಬೇಕಾಗುತ್ತವೆ. ಸೂಜಿಯ ಮುಂದೆ ಕುಳಿತವನು ಅನಿರೀಕ್ಷಿತವನ್ನು ಕಂಡಾಗ ಬೆರಗಾಗಿ ಮತ್ತೊಮ್ಮೆ ನೋಡುತ್ತಿದ್ದ. ಗಣಕಕ್ಕೆ ಬೆರಗಿಲ್ಲ. ಎಂದೂ ಕಾಣದ್ದು ಬಂದರೆ ಏನು ಮಾಡಬೇಕೆಂದು, ಅದು ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಯಾರೋ ಒಬ್ಬರು ಯೋಚಿಸಿ ಬರೆದಿಟ್ಟಿರಬೇಕು. ಹಾಗೆ ಬರೆಯುವವರಿಗೆ ಹಿಂದಿನವರ ಕಥೆ ಗೊತ್ತಿಲ್ಲದಿದ್ದರೆ ಏನನ್ನು ಒರೆಸುತ್ತಿದ್ದೇವೆಂಬುದೂ ಗೊತ್ತಾಗುವುದಿಲ್ಲ. ವಿಜ್ಞಾನದ ಚರಿತ್ರೆಯನ್ನು ಓದುವುದು ಬಿಡುವಿನ ವಿನೋದ ಮಾತ್ರವಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ.

ಅಲಿಬಾಗಿನ ವೀಕ್ಷಣಾಲಯ ಇಂದಿಗೂ ನಡೆಯುತ್ತಿದೆ. ಜಗತ್ತಿನ ಇಂಥ ವೀಕ್ಷಣಾಲಯಗಳ ಒಂದು ಕೂಟದಲ್ಲಿ ಅದೂ ಸೇರಿದೆ. ಅದನ್ನು ನೋಡಿಕೊಳ್ಳುವ ಭಾರತೀಯ ಭೂಕಾಂತತ್ವ ಸಂಸ್ಥೆ 1971ರಲ್ಲಿ ಸ್ಥಾಪನೆಯಾಯಿತು. ಆ ಕೂಟದ ವೀಕ್ಷಣಾಲಯಗಳಲ್ಲಿ ಯಂತ್ರಗಳು ನಿಮಿಷನಿಮಿಷದ ಅಂಕಿಗಳನ್ನು ತಾವೇ ಬರೆದು ತಾವೇ ಕಳಿಸುತ್ತವೆ. ಆದರೂ ಯಂತ್ರದ ಸೊನ್ನೆ ದಿನಗಳೆದಂತೆ ತುಸುತುಸುವೇ ಜಾರುತ್ತದೆ. ತಾನು ಜಾರಿದೆನೆಂದು ಯಂತ್ರಕ್ಕೆ ತಿಳಿಯದು. ಅದನ್ನು ಸರಿಪಡಿಸಲು ಸಾಮಾನ್ಯವಾಗಿ ವಾರಕ್ಕೊಮ್ಮೆ ಒಬ್ಬ ವೀಕ್ಷಕ ಕಾಂತಗುಣವಿಲ್ಲದ ಥಿಯೊಡೊಲೈಟಿನ ಮುಂದೆ ನಿಂತು, ತನ್ನ ಕೈಯಿಂದಲೇ ತಿರುಗಿಸಿ, ತನ್ನ ಕಣ್ಣಿಂದಲೇ ಓದಿ, ದಿಕ್ಕನ್ನೂ ಬಾಗನ್ನೂ ಅಳೆಯುತ್ತಾನೆ. ಗಣಕ ಬರೆದ ಸಾವಿರಾರು ಅಂಕಿಗಳನ್ನು ತಿದ್ದುವುದು ಆ ಕೈಬರಹದ ಹಾಳೆ. ಆ ಕೊಠಡಿಯೊಳಗೆ ಕಾಲಿಡುವ ಮುನ್ನ ಅವನು ಕೈಗಡಿಯಾರವನ್ನೂ ಬೀಗದಕೈಗಳನ್ನೂ ಹೊರಗೆ ತೆಗೆದಿಡುತ್ತಾನೆ.